ರಾತ್ರಿ ತಾನಾಗಿಯೇ ಎಚ್ಚರಗೊಳ್ಳುವ ಆಫೀಸಿನ ಕಂಪ್ಯೂಟರ್: ಎಬ್ಬಿಸುತ್ತಿರುವುದು ಯಾವುದು?

ಪ್ರಶ್ನೆ: ಮೂಡಿಗೆರೆಯ ರೈಟರು

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಕೆಲಸ ಮಾಡುತ್ತೇನೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ವಾರದ ಬಟವಾಡೆ, ಮಳೆಯ ಲೆಕ್ಕ, ಗೊಬ್ಬರದ ದಾಸ್ತಾನು ಎಲ್ಲವೂ ಆಫೀಸಿನ ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿವೆ. ಅದರಲ್ಲಿರುವುದು ವಿಂಡೋಸ್ 10. ಸಂಜೆ ಬಾಗಿಲು ಹಾಕುವಾಗ ತೆರೆದಿರುವ ಫೈಲುಗಳನ್ನು ಹಾಗೆಯೇ ಬಿಟ್ಟು ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಹೋಗುವುದು, ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಬಂದ ಮೇಲೆ ಒಂದು ಕೀಲಿ ಒತ್ತಿ ಹಿಂದಿನ ದಿನ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುವುದು ನನ್ನ ರೂಢಿ. ಎರಡು ವರ್ಷಗಳಿಂದ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಈಗ ಮೂರು ವಾರಗಳಿಂದ ಅದು ರಾತ್ರಿ ಹೊತ್ತು ತಾನಾಗಿಯೇ ಎಚ್ಚರಗೊಳ್ಳುತ್ತಿದೆ. ಇದನ್ನು ಮೊದಲು ಗಮನಿಸಿದವನು ನಾನಲ್ಲ, ಕಣದ ಕಾವಲಿನವನು. ರೊಬಸ್ಟಾ ಇನ್ನೂ ಕಣದಲ್ಲಿ ಒಣಗುತ್ತಿರುವುದರಿಂದ ಅವನು ರಾತ್ರಿ ಆಫೀಸಿನ ಜಗಲಿಯಲ್ಲೇ ಮಲಗುತ್ತಾನೆ. ಒಂದು ರಾತ್ರಿ ಬೀಗ ಹಾಕಿದ ಕೋಣೆಯೊಳಗಿನಿಂದ ಗುಂಯ್ ಎನ್ನುವ ಸದ್ದು ಕೇಳಿ, ಒಳಗೆ ಯಾರೋ ಇದ್ದಾರೆಂದು ಭಾವಿಸಿ ಕಿಟಕಿಯಿಂದ ಟಾರ್ಚು ಬಿಟ್ಟು ನೋಡಿದರೆ, ಪರದೆ ಕತ್ತಲಾಗಿಯೇ ಇತ್ತಂತೆ, ಮೇಜಿನ ಕೆಳಗಿನ ಡಬ್ಬದ ದೀಪ ಮಾತ್ರ ಉರಿಯುತ್ತಿತ್ತಂತೆ. ಆಮೇಲೆ ನಾನೇ ಎರಡು ಮೂರು ಬೆಳಿಗ್ಗೆ ಬೇಗ ಬಂದು ನೋಡಿದೆ. ಕೆಲವು ದಿನ ಡಬ್ಬ ತಣ್ಣಗಿರುತ್ತದೆ. ಕೆಲವು ದಿನ ಅದರ ಹಿಂಬದಿಗೆ ಕೈ ಹಿಡಿದರೆ ಇಡೀ ರಾತ್ರಿ ಓಡಿದಂತೆ ಬಿಸಿ ಗಾಳಿ ಬರುತ್ತಿರುತ್ತದೆ.

ಕಳೆದ ವಾರ ಇದರಿಂದ ನಷ್ಟವೂ ಆಯಿತು. ಶನಿವಾರದ ಬಟವಾಡೆಗೆಂದು ಶುಕ್ರವಾರ ಸಂಜೆ ಅರ್ಧ ತುಂಬಿಸಿಟ್ಟಿದ್ದ ಪಟ್ಟಿ ಬೆಳಿಗ್ಗೆ ಬರುವಾಗ ಇರಲಿಲ್ಲ. ಕಂಪ್ಯೂಟರ್ ಪೂರ್ತಿ ಆರಿಹೋಗಿತ್ತು, ಯುಪಿಎಸ್‌ನ ಬ್ಯಾಟರಿಯೂ ಖಾಲಿಯಾಗಿತ್ತು. ಮೌಸ್ ಕಿತ್ತಿಟ್ಟು ನೋಡಿದ್ದೇನೆ, ಫಲವಿಲ್ಲ. ವೈರಸ್ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಪರಿಚಯದವರೊಬ್ಬರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸಿ ಎನ್ನುತ್ತಿದ್ದಾರೆ. ಇಡೀ ತೋಟದ ಲೆಕ್ಕವಿರುವ ಯಂತ್ರವನ್ನು ಬರಿಯ ಊಹೆಯ ಮೇಲೆ ಅಳಿಸಲು ನನಗೆ ಧೈರ್ಯವಿಲ್ಲ. ಇದನ್ನು ಎಬ್ಬಿಸುತ್ತಿರುವುದು ಯಾವುದೆಂದು ಖಚಿತವಾಗಿ ತಿಳಿಯುವ ದಾರಿ ಇದೆಯೇ?

ಉತ್ತರ: ಹಾಸನದ ರಿಪೇರಿ ಅಂಗಡಿಯವರು

ರೈಟರೇ, ಅಳಿಸುವ ಮಾತನ್ನು ಬದಿಗಿಡಿ. ವಿಂಡೋಸ್ ಹೊಸದಾಗಿ ಹಾಕಿಸಿದರೂ ರಾತ್ರಿ ಎಬ್ಬಿಸುವ ಸೌಲಭ್ಯಗಳು ತಾವಾಗಿಯೇ ಮತ್ತೆ ಚಾಲೂ ಆಗುತ್ತವೆ. ನೀವು ಒಂದು ದಿನದ ಕೆಲಸ ಕಳೆದುಕೊಂಡು ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ.

ಸ್ಲೀಪ್ ಎಂದರೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದು ಅದರಿಂದಲೇ ಅರ್ಥವಾಗುತ್ತದೆ. ನಿಮ್ಮಂಥ ಡೆಸ್ಕ್‌ಟಾಪ್‌ಗಳಲ್ಲಿ ಸ್ಲೀಪ್‌ಗೆ ಹೋದಾಗ ಪ್ರೊಸೆಸರ್, ಡಿಸ್ಕ್, ಫ್ಯಾನುಗಳು ನಿಲ್ಲುತ್ತವೆ. ತೆರೆದಿದ್ದ ಕೆಲಸವೆಲ್ಲ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಉಳಿದು, ಅದಕ್ಕೆ ಮಾತ್ರ ಕರೆಂಟು ಹೋಗುತ್ತಿರುತ್ತದೆ. 1996ರಲ್ಲಿ ಬಂದ ಎಸಿಪಿಐ ಎಂಬ, ಕಂಪ್ಯೂಟರಿನ ವಿದ್ಯುತ್ ನಿರ್ವಹಣೆಯ ನಿಯಮಾವಳಿಯಲ್ಲಿ ಇದರ ಹೆಸರು ಎಸ್3. ಕೆಲಸವನ್ನು ಡಿಸ್ಕ್‌ಗೆ ಬರೆದಿಟ್ಟು ಪೂರ್ತಿ ಆರುವ ಹೈಬರ್ನೇಟ್‌ಗೆ ಎಸ್4 ಎನ್ನುತ್ತಾರೆ. ಎಸ್3ರಲ್ಲಿ ಯಂತ್ರ ಮಲಗಿದ್ದರೂ ಒಳಗೆ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಐದು ವೋಲ್ಟಿನ ಒಂದು ಎಳೆ ಸದಾ ಹರಿಯುತ್ತಿರುತ್ತದೆ. ಕೀಬೋರ್ಡ್, ಮೌಸ್, ನೆಟ್‌ವರ್ಕ್ ಕಾರ್ಡ್, ಒಳಗಿನ ಗಡಿಯಾರ ಇವೆಲ್ಲ ಆ ಎಳೆಯನ್ನು ಹಿಡಿದುಕೊಂಡು ಕೋಳಿನಿದ್ದೆಯಲ್ಲಿ ಕಾದಿರುತ್ತವೆ. ಆದ್ದರಿಂದ ಇದು ಕೆಟ್ಟುಹೋದದ್ದೂ ಅಲ್ಲ, ದೆವ್ವದ ಕೆಲಸವೂ ಅಲ್ಲ. ಯಾವುದೋ ಒಂದು ಭಾಗ ತನಗೆ ಕೊಟ್ಟ ಅಧಿಕಾರವನ್ನು ಬಳಸುತ್ತಿದೆ.

ನಿಮ್ಮ ಕಾವಲಿನವನು ನೋಡಿದ ಒಂದು ಸಂಗತಿಗೆ ಬಹಳ ಬೆಲೆಯಿದೆ. ಡಬ್ಬ ಓಡುತ್ತಿತ್ತು, ಪರದೆ ಕತ್ತಲಾಗಿತ್ತು. ಕೀಬೋರ್ಡ್ ಅಥವಾ ಮೌಸ್‌ನಿಂದ ಎಚ್ಚರವಾದರೆ, ಎದುರಿಗೆ ಯಾರೋ ಕುಳಿತಿದ್ದಾರೆಂದು ತಿಳಿದು ವಿಂಡೋಸ್ ಪರದೆಯನ್ನು ಬೆಳಗಿಸುತ್ತದೆ. ಗಡಿಯಾರವೋ ನೆಟ್‌ವರ್ಕೋ ಎಬ್ಬಿಸಿದಾಗ ಸಾಮಾನ್ಯವಾಗಿ ಪರದೆಯನ್ನು ಮುಟ್ಟುವುದಿಲ್ಲ. ಮೌಸ್ ಕಿತ್ತರೂ ಫಲ ಸಿಗದಿದ್ದುದಕ್ಕೆ ಇದೇ ಕಾರಣವಿರಬೇಕು.

ಇನ್ನು ಊಹೆ ಬೇಡ, ಯಂತ್ರವನ್ನೇ ಕೇಳೋಣ. ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. "ಪವರ್‌ಸಿಎಫ್‌ಜಿ" ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ "ಲಾಸ್ಟ್‌ವೇಕ್" ಎಂದು ಸೇರಿಸಿ ಎಂಟರ್ ಒತ್ತಿದರೆ, ಕೊನೆಯ ಬಾರಿ ಎಬ್ಬಿಸಿದ್ದು ಯಾವುದೆಂದು ಅದು ಹೇಳುತ್ತದೆ. ಅದೇ ರೀತಿ "ವೇಕ್‌ಟೈಮರ್ಸ್" ಎಂದು ಕೇಳಿದರೆ ಮುಂದೆ ಎಬ್ಬಿಸಲು ಅಲಾರಂ ಇಟ್ಟಿರುವವರ ಪಟ್ಟಿ ಬರುತ್ತದೆ. "ಡಿವೈಸ್‌ಕ್ವೆರಿ" ಎಂದು ಬರೆದು ಜಾಗ ಬಿಟ್ಟು "ವೇಕ್ ಆರ್ಮ್ಡ್" ಎಂಬ ಎರಡು ಪದಗಳನ್ನು ನಡುವೆ ಕೆಳಗೆರೆ ಹಾಕಿ ಸೇರಿಸಿದರೆ, ಎಬ್ಬಿಸುವ ಅಧಿಕಾರ ಯಾವ ಯಾವ ಭಾಗಕ್ಕಿದೆ ಎಂಬುದು ಕಾಣುತ್ತದೆ. ಕೊನೆಯದಾಗಿ "ರಿಕ್ವೆಸ್ಟ್ಸ್". ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಬ್ಬಿಸಿದ್ದು ಯಾರು ಎಂಬುದು ಒಂದು ಪ್ರಶ್ನೆ, ಎದ್ದ ಮೇಲೆ ಮತ್ತೆ ಮಲಗಲು ಬಿಡದಿರುವುದು ಯಾರು ಎಂಬುದು ಇನ್ನೊಂದು. ಮನುಷ್ಯರಿಲ್ಲದೆ ಎಚ್ಚರವಾದ ಯಂತ್ರ ಮಾಮೂಲಿನಂತೆ ಎರಡು ನಿಮಿಷಕ್ಕೆಲ್ಲ ಮತ್ತೆ ಮಲಗಬೇಕು. ನಿಮ್ಮದು ಕೆಲವು ದಿನ ಬೆಳಗಿನವರೆಗೂ ಬಿಸಿಯಾಗಿರುತ್ತದೆ ಎಂದರೆ, ಅದನ್ನು ತಡೆದು ಕೂರಿಸಿಕೊಂಡವರು ಯಾರೋ ಇದ್ದಾರೆ.

ಲಾಸ್ಟ್‌ವೇಕ್ ಹೇಳುವುದು ಕಟ್ಟಕಡೆಯ ಒಂದು ಸಲದ ಮಾತನ್ನು ಮಾತ್ರ. ನೀವು ಬೆಳಿಗ್ಗೆ ಕೀಲಿ ಒತ್ತಿ ಎಬ್ಬಿಸಿದರೆ ನಿಮ್ಮ ಕೀಬೋರ್ಡಿನ ಹೆಸರನ್ನೇ ಹೇಳೀತು. ಹಳೆಯ ದಾಖಲೆಗೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಅಡಿಯಲ್ಲಿರುವ ಸಿಸ್ಟಮ್ ವಿಭಾಗದಲ್ಲಿ ಪವರ್ ಟ್ರಬಲ್‌ಶೂಟರ್ ಎಂಬ ಮೂಲದಿಂದ ಬಂದ, ಸಂಖ್ಯೆ 1ರ ನಮೂದುಗಳನ್ನು ಸೋಸಿ ತೆಗೆಯಿರಿ. ಪ್ರತಿ ನಮೂದಿನಲ್ಲೂ ಮಲಗಿದ ಹೊತ್ತು, ಎದ್ದ ಹೊತ್ತು, ಎಬ್ಬಿಸಿದ ಮೂಲ ಮೂರೂ ಇರುತ್ತವೆ. ಮೂರು ವಾರದ್ದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಇಲ್ಲಿ ತಿಳಿಸಿ. ಚೆಕ್‌ರೋಲ್ ಬರೆಯುವವರಿಗೆ ಇದನ್ನು ಹೇಗೆ ಬರೆಯಬೇಕೆಂದು ನಾನು ಹೇಳಬೇಕಾಗಿಲ್ಲ.

ಉತ್ತರ: ಕಡೂರಿನಿಂದ

ಇಷ್ಟೆಲ್ಲ ತಾಪತ್ರಯ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಸಂಜೆ ಫೈಲು ಉಳಿಸಿ ಶಟ್‌ಡೌನ್ ಮಾಡಿ ಹೋದರೆ ಆಯಿತಲ್ಲವೇ? ಹತ್ತು ವರ್ಷದಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ, ನನ್ನ ಕಂಪ್ಯೂಟರ್ ಒಂದು ದಿನವೂ ರಾತ್ರಿ ಎದ್ದಿಲ್ಲ.

ಉತ್ತರ: ಮೂಡಿಗೆರೆಯ ರೈಟರು

ಕಡೂರಿನವರು ಹೇಳಿದ್ದು ಸರಿಯೇ. ಫೈಲು ಉಳಿಸದೆ ಹೋದದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಆದರೂ ಕಾರಣ ತಿಳಿಯದೆ ಬಿಡಲು ಮನಸ್ಸಿಲ್ಲ.

ಹಾಸನದವರು ಹೇಳಿದಂತೆ ಎಲ್ಲವನ್ನೂ ಮಾಡಿದೆ. ನಾನೇ ಬೆಳಿಗ್ಗೆ ಎಬ್ಬಿಸಿದ್ದನ್ನು ಬಿಟ್ಟರೆ ಮೂರು ವಾರದಲ್ಲಿ ಒಟ್ಟು ಹನ್ನೊಂದು ನಮೂದುಗಳಿವೆ. ಅವುಗಳಲ್ಲಿ ಏಳಕ್ಕೆ ಮೂಲ ಟೈಮರ್ ಎಂದಿದೆ. ಏಳೂ ರಾತ್ರಿ ಎಂಟೂವರೆಯ ಆಸುಪಾಸಿನಲ್ಲಿ, ಉದಾಹರಣೆಗೆ 20:32. ಉಳಿದ ನಾಲ್ಕಕ್ಕೆ ನೆಟ್‌ವರ್ಕ್ ಕಾರ್ಡಿನ ಹೆಸರಿದೆ. ಅವುಗಳ ಹೊತ್ತಿಗೆ ಒಂದು ಕ್ರಮವಿಲ್ಲ, 17:48, 19:05, 21:12, 22:40 ಎಂದಿವೆ. ವೇಕ್‌ಟೈಮರ್ಸ್ ಎಂದು ಕೇಳಿದರೆ ಟಾಸ್ಕ್ ಶೆಡ್ಯೂಲರ್‌ನ ಮೇಂಟೆನೆನ್ಸ್ ಕೆಲಸವೊಂದರ ಹೆಸರು ಬರುತ್ತದೆ. ಎಬ್ಬಿಸುವ ಅಧಿಕಾರವಿರುವುದು ಕೀಬೋರ್ಡಿಗೂ ನೆಟ್‌ವರ್ಕ್ ಕಾರ್ಡಿಗೂ.

ಒಂದು ವಿಷಯ ಮಾತ್ರ ಹೊಂದಿಕೆಯಾಗುತ್ತಿಲ್ಲ. ಎಂಟೂವರೆಗೆ ಏಳುತ್ತದೆ ಎಂದಿದ್ದರಿಂದ ನಿನ್ನೆ ಊಟ ಮುಗಿಸಿ ಹೋಗಿ ಒಂಬತ್ತರವರೆಗೆ ಕಾವಲಿನವನ ಜೊತೆ ಜಗಲಿಯಲ್ಲೇ ಕುಳಿತಿದ್ದೆ. ಕಂಪ್ಯೂಟರ್ ಅಲುಗಾಡಲಿಲ್ಲ. ಬೆಳಿಗ್ಗೆ ನೋಡಿದರೆ ನಿನ್ನೆಯ ದಿನಾಂಕಕ್ಕೇ 20:31ಕ್ಕೆ ಎದ್ದಿತ್ತು ಎಂದು ಬರೆದುಕೊಂಡಿದೆ. ನಾನು ಎದುರಿಗೇ ಇರುವಾಗ ಅದು ಎದ್ದದ್ದಾದರೂ ಹೇಗೆ?

ರಿಕ್ವೆಸ್ಟ್ಸ್ ಎಂದು ಕೇಳಿದ್ದಕ್ಕೆ ಡ್ರೈವರ್ ಎಂಬ ತಲೆಬರಹದ ಕೆಳಗೆ "ಎಸ್‌ಆರ್‌ವಿನೆಟ್" ಎಂಬ ಹೆಸರೂ, ದೂರದ ಒಂದು ಕ್ಲೈಂಟ್ ಇತ್ತೀಚೆಗೆ ಈ ಯಂತ್ರಕ್ಕೆ ಕೋರಿಕೆ ಕಳಿಸಿದೆ ಎಂಬ ಅರ್ಥದ ಒಂದು ಸಾಲೂ ಬಂತು. ಅದು ಹೊರಗಿನವರು ಯಾರಾದರೂ ನುಸುಳಿದ ಗುರುತೇ ಎಂಬ ಭಯ ನನಗಿದೆ.

ಉತ್ತರ: ಚಿಕ್ಕಮಗಳೂರಿನಿಂದ, ನೆಟ್‌ವರ್ಕ್ ಕೆಲಸದವರು

ರೈಟರು ಜಗಲಿಯಲ್ಲಿ ಕಾದು ಕುಳಿತದ್ದನ್ನು ಓದಿ ನಗು ಬಂತು, ಕ್ಷಮಿಸಬೇಕು. ಇದೇ ಗುಂಡಿಗೆ ನಾನೂ ಒಮ್ಮೆ ಬಿದ್ದಿದ್ದೇನೆ. ಆ ನಮೂದಿನ ಒಳಗೆ ಬರೆದಿರುವ ಹೊತ್ತು ನಮ್ಮ ದೇಶದ್ದಲ್ಲ. ಹೊತ್ತಿನ ಕೊನೆಯಲ್ಲಿ ಝಡ್ ಎಂಬ ಅಕ್ಷರವಿರುವುದನ್ನು ನೋಡಿ, ಅದು ಯುಟಿಸಿ ಎಂಬ ಜಾಗತಿಕ ಕಾಲಮಾನದ ಗುರುತು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದ ಹೊತ್ತು ಬರುತ್ತದೆ. ಅಂದರೆ ನಿಮ್ಮ 20:32 ಎಂಬುದು ರಾತ್ರಿ ಎರಡು ಗಂಟೆ ಎರಡು ನಿಮಿಷ. ವಿಂಡೋಸ್‌ನ ತಾನಾಗಿ ನಡೆಯುವ ನಿರ್ವಹಣೆಗೆ ಮೊದಲೇ ಇಟ್ಟಿರುವ ಹೊತ್ತೂ ರಾತ್ರಿ ಎರಡು ಗಂಟೆಯೇ. ಏಳು ನಮೂದುಗಳ ಲೆಕ್ಕ ಅಲ್ಲಿಗೆ ಮುಗಿಯಿತು.

ಆದರೆ ಒಂದು ಕೆಲಸ ಮಾಡಿ: ದಾಖಲೆಯಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಮೂರು ವಾರಕ್ಕೂ ಮೊದಲಿನ ತಿಂಗಳುಗಳನ್ನು ನೋಡಿ. ಈ ಎರಡು ಗಂಟೆಯ ಎಚ್ಚರ ಅಲ್ಲಿಯೂ ಸಿಗುತ್ತದೆಂಬುದು ನನ್ನ ಅಂದಾಜು. ಅದು ಎದ್ದು, ತನ್ನ ಕೆಲಸ ಮುಗಿಸಿ, ಮತ್ತೆ ಮಲಗುವ ಹಳೆಯ ಅಭ್ಯಾಸ. ಯಾರ ಗಮನಕ್ಕೂ ಬಂದಿರುವುದಿಲ್ಲ, ಡಬ್ಬ ಬೆಳಿಗ್ಗೆ ತಣ್ಣಗಿರುತ್ತದೆ. ಹಾಗಿದ್ದರೆ ನಿಮ್ಮ ಬಟವಾಡೆ ಪಟ್ಟಿಯನ್ನು ನುಂಗಿದ್ದು ಅದಲ್ಲ. ಟೈಮರ್ ಒಂದನ್ನೇ ನಿಲ್ಲಿಸಿ ಸುಮ್ಮನಾಗಿದ್ದರೆ ಕಳ್ಳನ ಬದಲು ಪಕ್ಕದ ಮನೆಯವನನ್ನು ಹಿಡಿದಂತೆ ಆಗುತ್ತಿತ್ತು.

ಉಳಿದ ನಾಲ್ಕನ್ನು ನಮ್ಮ ಹೊತ್ತಿಗೆ ತಿರುಗಿಸಿ: ರಾತ್ರಿ 11:18, 12:35, 2:42 ಮತ್ತು ಬೆಳಗಿನ ಜಾವ 4:10. ಇವು ನೆಟ್‌ವರ್ಕ್ ಕಾರ್ಡಿನಿಂದ ಬಂದವು. ಎಸ್‌ಆರ್‌ವಿನೆಟ್ ಎಂಬುದು ನುಸುಳಿದವರ ಹೆಸರಲ್ಲ, ಹೆದರಬೇಡಿ. ನಿಮ್ಮ ಕಂಪ್ಯೂಟರಿನ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಹಂಚುವ ವಿಂಡೋಸ್‌ನದೇ ಭಾಗ ಅದು. ನಿಮ್ಮ ಯಂತ್ರದಿಂದ ಫೋಲ್ಡರ್ ತೆರೆದುಕೊಂಡಿರುವ ಇನ್ನೊಂದು ಕಂಪ್ಯೂಟರ್ ತೋಟದಲ್ಲಿ ಎಲ್ಲೋ ಇದೆ. ಅದು ಕೋರಿಕೆ ಕಳಿಸುತ್ತಿರುವವರೆಗೆ ನಿಮ್ಮದು ಮಲಗುವುದಿಲ್ಲ.

ಈಗ ನನಗೆ ಬೇಕಾದ ಉತ್ತರಗಳು ಇವು. ಮೂರು ವಾರದ ಹಿಂದೆ ನೆಟ್‌ವರ್ಕಿನಲ್ಲಿ ಏನಾದರೂ ಹೊಸದು ಸೇರಿತೇ? ರೌಟರ್ ಯುಪಿಎಸ್‌ಗೆ ಸೇರಿದೆಯೇ ಅಥವಾ ಗೋಡೆಯ ಪ್ಲಗ್ಗಿಗೋ? ಆ ನಾಲ್ಕು ರಾತ್ರಿ ಕರೆಂಟು ಹೋಗಿ ಬಂದಿತ್ತೇ? ಈಗ ಗುಡುಗು ಮಳೆಯ ಕಾಲ, ಮೂಡಿಗೆರೆ ಕಡೆ ರಾತ್ರಿ ಒಂದೆರಡು ಸಲ ಕರೆಂಟು ಕಣ್ಣು ಮಿಟುಕಿಸುವುದು ಹೊಸದಲ್ಲ. ನನ್ನ ಅನುಮಾನವನ್ನು ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಕಾವಲಿನವನ ಬಾಯಿಗೆ ನಾವೇ ಉತ್ತರ ತುರುಕಿದಂತಾಗುತ್ತದೆ.

ಉತ್ತರ: ಮೂಡಿಗೆರೆಯ ರೈಟರು

ತಾವು ಅಂದಾಜಿಸಿದಂತೆಯೇ ಇದೆ. ಡಿಸೆಂಬರ್‌ನಿಂದಲೂ ಎರಡು ಗಂಟೆಯ ನಮೂದುಗಳು ಸಿಕ್ಕಿದವು. ನೆಟ್‌ವರ್ಕ್ ಕಾರ್ಡಿನದು ಈ ಮೂರು ವಾರದ ಈಚೆಗೆ ಮಾತ್ರ.

ರೌಟರ್ ನನ್ನ ಆಫೀಸಿನಲ್ಲೇ ಇದೆ, ಗೋಡೆಯ ಪ್ಲಗ್ಗಿನಲ್ಲಿ. ಯುಪಿಎಸ್‌ನಲ್ಲಿ ಕಂಪ್ಯೂಟರ್ ಒಂದೇ ಇರುವುದು. ರೌಟರ್‌ನಿಂದ ಬಂಗಲೆಗೆ ಸುಮಾರು ಅರವತ್ತು ಮೀಟರ್ ಕೇಬಲ್ ಹೋಗಿದೆ. ಹೊಸದು ಎಂದರೆ, ಮೂರು ವಾರದ ಹಿಂದೆ ಯಜಮಾನರ ಮಗ ಬಂಗಲೆಯಲ್ಲಿ ಕ್ಯಾಮೆರಾಗಳನ್ನು ನೋಡಲೆಂದು ಒಂದು ಕಂಪ್ಯೂಟರ್ ಇಟ್ಟರು. ಅದು ಇನ್ವರ್ಟರಿನ ಮೇಲಿದ್ದು ಹಗಲು ರಾತ್ರಿ ಓಡುತ್ತಿರುತ್ತದೆ. ಲೆಕ್ಕ ನೋಡಲು ಅನುಕೂಲವಾಗಲೆಂದು ನನ್ನ ಫೋಲ್ಡರನ್ನು ಅದರಲ್ಲಿ ಝಡ್ ಡ್ರೈವ್ ಎಂದು ಜೋಡಿಸಿಕೊಂಡಿದ್ದಾರೆ. ನನಗೆ ಇದು ಹೊಳೆಯಲೇ ಇಲ್ಲ, ಏಕೆಂದರೆ ನಾನು ಹುಡುಕುತ್ತಿದ್ದದ್ದು ನನ್ನ ಕೋಣೆಯೊಳಗೆ ಮಾತ್ರ.

ಕಾವಲಿನವನನ್ನು ಕೇಳಿದೆ. ಗಡಿಯಾರ ನೋಡುವ ಅಭ್ಯಾಸ ಅವನಿಗಿಲ್ಲ. ಕಣದ ಲೈಟು ಹೋದರೆ ಎದ್ದು ಕೂರುತ್ತಾನೆ, ಲೈಟು ಬಂದರೆ ಮಲಗುತ್ತಾನೆ. ಆದರೆ ಅವನು ತಾನಾಗಿಯೇ ಹೇಳಿದ ಒಂದು ಮಾತನ್ನು ಹಾಗೆಯೇ ಬರೆಯುತ್ತೇನೆ: "ಲೈಟು ಬಂದು ನಾನು ತಲೆ ಕೆಳಗಿಟ್ಟ ಮೇಲೇ ಸ್ವಾಮಿ, ಆ ಸದ್ದು ಶುರುವಾಗೋದು."

ಉತ್ತರ: ಚಿಕ್ಕಮಗಳೂರಿನಿಂದ, ನೆಟ್‌ವರ್ಕ್ ಕೆಲಸದವರು

ನಿಮ್ಮ ಕಾವಲಿನವನಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ. ನಮ್ಮ ಅರ್ಧ ಕೆಲಸವನ್ನು ಅವನು ಮಾಡಿದ್ದಾನೆ.

ನನ್ನ ಅನುಮಾನ ಹೀಗಿತ್ತು. ಕರೆಂಟು ಹೋದಾಗ ರೌಟರ್ ಆರುತ್ತದೆ, ಬಂಗಲೆಯ ಕಂಪ್ಯೂಟರ್ ಇನ್ವರ್ಟರಿನಲ್ಲಿ ಓಡುತ್ತಲೇ ಇರುತ್ತದೆ, ನಿಮ್ಮದು ಯುಪಿಎಸ್‌ನ ಆಸರೆಯಲ್ಲಿ ಮಲಗಿಯೇ ಇರುತ್ತದೆ. ಝಡ್ ಡ್ರೈವ್ ಕಡಿದುಹೋಗಿದೆಯೆಂದು ಬಂಗಲೆಯ ಯಂತ್ರಕ್ಕೆ ಗೊತ್ತಾಗುತ್ತದೆ. ಕರೆಂಟು ಬಂದು ರೌಟರ್ ಎದ್ದು ನಿಂತ ಕೂಡಲೇ ಅದು ನಿಮ್ಮ ಯಂತ್ರವನ್ನು ಹುಡುಕುತ್ತಾ, ಇಂಥ ವಿಳಾಸದವರು ಎಲ್ಲಿದ್ದೀರಿ ಎಂದು ಕೂಗು ಹಾಕುತ್ತದೆ. ಮಲಗಿರುವ ಯಂತ್ರದ ನೆಟ್‌ವರ್ಕ್ ಕಾರ್ಡು ಸಾಮಾನ್ಯವಾಗಿ ಎರಡು ಬಗೆಯ ಕರೆಗೆ ಓಗೊಡುತ್ತದೆ. ಒಂದು, ಎಬ್ಬಿಸುವುದಕ್ಕೆಂದೇ ರಚಿಸಿದ ಮ್ಯಾಜಿಕ್ ಪ್ಯಾಕೆಟ್. ಇನ್ನೊಂದು, ತನ್ನ ವಿಳಾಸವನ್ನೋ ಹೆಸರನ್ನೋ ಹಿಡಿದು ಕರೆದ ಮಾಮೂಲಿ ಪ್ಯಾಕೆಟ್. ಈ ಎರಡನೆಯದೇ ನಿಮ್ಮ ಯಂತ್ರವನ್ನು ಎಬ್ಬಿಸುತ್ತಿದೆ. ಎದ್ದ ಮೇಲೆ ಝಡ್ ಡ್ರೈವ್ ಮತ್ತೆ ಜೋಡಣೆಯಾಗಿ ಕೋರಿಕೆಗಳು ಬರುತ್ತಲೇ ಇರುವುದರಿಂದ ಅದು ಬೆಳಗಿನವರೆಗೆ ಮಲಗುವುದೇ ಇಲ್ಲ.

ಇದು ಇನ್ನೂ ಅನುಮಾನವೇ. ಕೇಬಲ್ಲಿನ ಸಂಪರ್ಕ ಕಡಿದು ಕೂಡಿದ್ದಷ್ಟಕ್ಕೇ ಎಬ್ಬಿಸುವ ಕಾರ್ಡುಗಳೂ ಇವೆ, ಆಗ ಬಂಗಲೆಯ ಯಂತ್ರದ ತಪ್ಪೇನೂ ಇರುವುದಿಲ್ಲ. ಎರಡನ್ನೂ ಬೇರ್ಪಡಿಸಲು ಮಳೆಗೆ ಕಾಯಬೇಕಾಗಿಲ್ಲ. ಭಾನುವಾರ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ, ರೌಟರಿನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ ನೋಡಿ. ಆಮೇಲೆ ಬಂಗಲೆಯ ಕಂಪ್ಯೂಟರನ್ನು ಆರಿಸಿ ಅದನ್ನೇ ಇನ್ನೊಮ್ಮೆ ಮಾಡಿ.

ಉತ್ತರ: ಮೂಡಿಗೆರೆಯ ರೈಟರು

ಭಾನುವಾರ ಮಾಡಿದ್ದನ್ನು ಬರೆಯುತ್ತೇನೆ. ಮೊದಲ ಸಲ ಬಂಗಲೆಯ ಯಂತ್ರ ಓಡುತ್ತಿತ್ತು. ರೌಟರಿನ ಪ್ಲಗ್ ಮತ್ತೆ ಹಾಕಿ, ಸ್ಟೂಲಿನ ಮೇಲೆ ಕುಳಿತು, ಡಬ್ಬದ ದೀಪವನ್ನೇ ನೋಡುತ್ತಿದ್ದೆ. ಸ್ಲೀಪ್‌ನಲ್ಲಿರುವಾಗ ಅದು ನಿಧಾನವಾಗಿ ಮಿಣುಕುತ್ತಿರುತ್ತದೆ. ರೌಟರಿನ ದೀಪಗಳು ಒಂದೊಂದಾಗಿ ಹತ್ತಿಕೊಂಡು ಸ್ಥಿರವಾಗಲು ಎರಡು ನಿಮಿಷ ಹಿಡಿಯಿತು. ಅದಾದ ಮೇಲೆ ಮನಸ್ಸಿನಲ್ಲಿ ನಲವತ್ತರವರೆಗೆ ಎಣಿಸಿರಬೇಕು, ಮಿಣುಕುವುದು ನಿಂತು ಫ್ಯಾನು ತಿರುಗಿತು. ಪರದೆ ಕತ್ತಲಾಗಿಯೇ ಇತ್ತು. ಎರಡನೆಯ ಸಲ ಬಂಗಲೆಯದನ್ನು ಆರಿಸಿ ಬಂದು ಅದನ್ನೇ ಮಾಡಿದೆ. ಕಾಲು ಗಂಟೆ ಕಾದರೂ ದೀಪ ಮಿಣುಕುತ್ತಲೇ ಇತ್ತು. ಸಮಾಧಾನಕ್ಕೆ ಬಂಗಲೆಯದನ್ನು ಹಚ್ಚಿ ಮೂರನೆಯ ಸಲ ನೋಡಿದೆ; ಮತ್ತೆ ಎದ್ದಿತು.

ಇನ್ನು ಏನು ಮಾಡಬೇಕು? ಶುಕ್ರವಾರದ ಪಟ್ಟಿ ಹೋದದ್ದೂ ಇದರಿಂದಲೇ ಎಂದು ಹೇಳಬಹುದೇ?

ಉತ್ತರ: ಹಾಸನದ ರಿಪೇರಿ ಅಂಗಡಿಯವರು

ಚಿಕ್ಕಮಗಳೂರಿನವರ ಪರೀಕ್ಷೆ ಅಚ್ಚುಕಟ್ಟಾಗಿತ್ತು. ನಾನಾಗಿದ್ದರೆ ನೇರವಾಗಿ ಕಾರ್ಡಿನ ಟಿಕ್ ತೆಗೆಸಿ ಕಳಿಸುತ್ತಿದ್ದೆ, ಬಂಗಲೆಯ ಕಥೆ ಗೊತ್ತೇ ಆಗುತ್ತಿರಲಿಲ್ಲ.

ಪಟ್ಟಿ ಹೋದದ್ದು ಇದರಿಂದಲೇ ಇರಬೇಕು. ಡೆಸ್ಕ್‌ಟಾಪ್‌ಗಳಲ್ಲಿ ಹೈಬ್ರಿಡ್ ಸ್ಲೀಪ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಚಾಲೂ ಇರುತ್ತದೆ. ಮಲಗುವ ಮುನ್ನ ಅದು ರ‍್ಯಾಮ್‌ನಲ್ಲಿರುವ ಕೆಲಸದ ಒಂದು ಪ್ರತಿಯನ್ನು ಡಿಸ್ಕ್‌ಗೂ ಬರೆದಿಡುತ್ತದೆ. ಮಲಗಿರುವಾಗ ಕರೆಂಟು ಪೂರ್ತಿ ಹೋದರೂ ಆ ಪ್ರತಿಯಿಂದ ಎಲ್ಲವೂ ಮರಳಿ ಬರುತ್ತದೆ. ಎರಡು ವರ್ಷ ನಿಮಗೆ ತೊಂದರೆಯಾಗದಿದ್ದುದು ಇದರ ಕೃಪೆಯೇ ಇರಬಹುದು. ಆದರೆ ಯಂತ್ರ ಒಮ್ಮೆ ಎದ್ದ ಮೇಲೆ ಆ ಪ್ರತಿಗೆ ಬೆಲೆಯಿಲ್ಲ. ಶುಕ್ರವಾರ ರಾತ್ರಿ ಕರೆಂಟು ಹೋಗಿ ಬಂದು, ಯಂತ್ರ ಎದ್ದು ಓಡುತ್ತಿರುವಾಗಲೇ ಮತ್ತೊಮ್ಮೆ ಕರೆಂಟು ಹೋಗಿದ್ದರೆ, ಯುಪಿಎಸ್ ತನ್ನಲ್ಲಿದ್ದ ಹತ್ತು ಹದಿನೈದು ನಿಮಿಷವನ್ನು ಕೊಟ್ಟು ಕೈಚೆಲ್ಲಿದೆ. ಸಿಸ್ಟಮ್ ದಾಖಲೆಯಲ್ಲಿ ಶನಿವಾರ ಬೆಳಿಗ್ಗೆ ನೀವು ಕಂಪ್ಯೂಟರ್ ಹಚ್ಚಿದ ಹೊತ್ತಿಗೆ ಕರ್ನಲ್ ಪವರ್ ಎಂಬ ಮೂಲದ 41ನೆಯ ಸಂಖ್ಯೆಯ ನಮೂದು ಕಂಡರೆ, ಸರಿಯಾಗಿ ಮುಚ್ಚದೆ ಯಂತ್ರ ಆರಿತ್ತು ಎಂದು ಅರ್ಥ.

ಪರಿಹಾರ ಸರಳ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ. ಅಲ್ಲಿ ಈ ಕಾರ್ಡ್ ಕಂಪ್ಯೂಟರನ್ನು ಎಬ್ಬಿಸಬಹುದು ಎಂಬುದರ ಕೆಳಗೆ, ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಎಬ್ಬಿಸಬಹುದು ಎಂಬ ಇನ್ನೊಂದು ಟಿಕ್ ಇದೆ. ಬಂಗಲೆಯವರು ರಾತ್ರಿ ಲೆಕ್ಕ ನೋಡುವ ಅಗತ್ಯವಿಲ್ಲದಿದ್ದರೆ ಮೇಲಿನದನ್ನೇ ತೆಗೆದುಬಿಡಿ. ಅಗತ್ಯವಿದ್ದರೆ ಮೇಲಿನದನ್ನು ಉಳಿಸಿ ಕೆಳಗಿನದಕ್ಕೂ ಟಿಕ್ ಹಾಕಿ. ಆಗ ಝಡ್ ಡ್ರೈವ್‌ನ ಕೂಗಿಗೆ ಅದು ಏಳುವುದಿಲ್ಲ. ರೌಟರನ್ನೂ ಯುಪಿಎಸ್‌ಗೆ ಸೇರಿಸಿ, ಅದು ಎಳೆಯುವ ಕರೆಂಟು ಅತ್ಯಲ್ಪ. ಎರಡು ಗಂಟೆಯ ನಿರ್ವಹಣೆಯನ್ನು ನಾನಾದರೆ ಹಾಗೆಯೇ ಬಿಡುತ್ತೇನೆ. ಬೇಡವೆನಿಸಿದರೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಸ್ಲೀಪ್ ಎಂಬುದರ ಅಡಿಯಲ್ಲಿ ವೇಕ್ ಟೈಮರ್‌ಗಳನ್ನು ಡಿಸೇಬಲ್ ಮಾಡಬಹುದು.

ಕೇಳದಿದ್ದರೂ ಇನ್ನೊಂದು ಮಾತು. ವ್ಯಾಟ್ ಲೆಕ್ಕದಲ್ಲಿ ನೋಡಿದರೆ ಸ್ಲೀಪ್‌ನ ಖರ್ಚು ಕೆಲವೇ ವ್ಯಾಟ್. ಎದ್ದು ಸುಮ್ಮನೆ ಕುಳಿತ ಡೆಸ್ಕ್‌ಟಾಪ್ ಐವತ್ತು ವ್ಯಾಟ್ ಎಳೆಯುತ್ತದೆಂದು ಹಿಡಿದರೂ ಹತ್ತು ಗಂಟೆಗೆ ಅರ್ಧ ಯೂನಿಟ್ ಆಯಿತು. ಹಣ ದೊಡ್ಡದಲ್ಲ, ನಿಮ್ಮಲ್ಲಿ ನಿಜವಾಗಿ ಸವೆಯುತ್ತಿದ್ದದ್ದು ಯುಪಿಎಸ್‌ನ ಬ್ಯಾಟರಿ.

ಉತ್ತರ: ಕೊಪ್ಪದಿಂದ

ನನ್ನದೂ ಇದೇ ಕಥೆಯೆಂದು ಓದಿಕೊಂಡು ಬಂದೆ, ಆದರೆ ನನ್ನದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಚಿಕ್ಕಮಗಳೂರಿನಲ್ಲಿ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದರೆ, ಆಲ್ದೂರು, ಬಾಳೆಹೊನ್ನೂರು ದಾಟಿ ಬಸ್ಸು ಕೊಪ್ಪ ಸೇರುವ ಹೊತ್ತಿಗೆ ಚೀಲದೊಳಗೆ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿರುತ್ತದೆ. ಇಲ್ಲಿ ಹೇಳಿದ ಯಾವ ಟಿಕ್ ತೆಗೆದರೂ ಬದಲಾವಣೆಯಿಲ್ಲ.

ಉತ್ತರ: ಹಾಸನದ ರಿಪೇರಿ ಅಂಗಡಿಯವರು

ಅದು ಬೇರೆಯೇ ಸಂಗತಿ. "ಪವರ್‌ಸಿಎಫ್‌ಜಿ" ಬರೆದು ಸ್ಲ್ಯಾಶ್ ಹಾಕಿ ಬರಿಯ "ಎ" ಅಕ್ಷರ ಕೊಟ್ಟು ನೋಡಿ. ಅಲ್ಲಿ ಎಸ್3ರ ಬದಲು ಎಸ್0 ಲೋ ಪವರ್ ಐಡಲ್ ಎಂದು ಬಂದರೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಅದು ಮಲಗುವುದಿಲ್ಲ, ಮೊಬೈಲ್ ಫೋನಿನಂತೆ ಪರದೆ ಆರಿಸಿಕೊಂಡು ಒಳಗೊಳಗೇ ಆಗಾಗ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಎಬ್ಬಿಸಿದವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಅದರ ಬದಲು "ಸ್ಲೀಪ್‌ಸ್ಟಡಿ" ಎಂದು ಕೊಟ್ಟರೆ, ಆ ಅವಧಿಯಲ್ಲಿ ಬ್ಯಾಟರಿ ತಿಂದದ್ದು ಯಾವುದೆಂಬ ವರದಿ ಸಿಗುತ್ತದೆ. ಬಸ್ಸಿನ ಪ್ರಯಾಣಕ್ಕೆ ಮಾತ್ರ ಸುಲಭದ ದಾರಿ ಒಂದೇ: ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿ ಬದಲಿಸಿಕೊಳ್ಳಿ. ತೆರೆಯುವಾಗ ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಚೀಲ ತಣ್ಣಗಿರುತ್ತದೆ.

ಉತ್ತರ: ಮೂಡಿಗೆರೆಯ ರೈಟರು

ಹತ್ತು ದಿನ ಕಾದು ಬರೆಯುತ್ತಿದ್ದೇನೆ. ಮೊದಲು ಕಾರ್ಡಿನ ಅಧಿಕಾರವನ್ನು ಪೂರ್ತಿ ತೆಗೆದಿದ್ದೆ. ಮೂರನೆಯ ದಿನವೇ ಯಜಮಾನರ ಮಗ ಆಫೀಸಿಗೆ ಬಂದು, ರಾತ್ರಿ ಝಡ್ ಡ್ರೈವ್ ತೆರೆಯುತ್ತಿಲ್ಲ, ಏನು ಮಾಡಿದಿರಿ ರೈಟರೇ ಎಂದು ಕೇಳಿದರು. ರಾತ್ರಿ ಹತ್ತರ ಮೇಲೆ ಅವರು ಫೋಲ್ಡರ್ ತೆರೆದಾಗಲೂ ನನ್ನ ಯಂತ್ರ ಎದ್ದುಕೊಂಡು ಲೆಕ್ಕ ಒಪ್ಪಿಸುತ್ತಿತ್ತು ಎಂಬುದು ಆಗ ತಿಳಿಯಿತು. ನನ್ನ ಹಾಳೆಯಲ್ಲಿದ್ದ 11:18ರ ನಮೂದು ಕರೆಂಟಿನದಲ್ಲ, ಅವರದು. ಕಾವಲಿನವನನ್ನು ಮತ್ತೆ ಕೇಳಿದರೆ, ಆ ರಾತ್ರಿ ಲೈಟು ಹೋಗಿರಲಿಲ್ಲ ಎಂದೇ ಹೇಳುತ್ತಾನೆ. ನಾಲ್ಕೂ ರಾತ್ರಿ ಹೋಗಿತ್ತೆಂದು ನಾನೇ ಅಂದುಕೊಂಡಿದ್ದೆ.

ಈಗ ಹಾಸನದವರು ಹೇಳಿದ ಎರಡನೆಯ ಕ್ರಮದಂತೆ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳುವಂತೆ ಮಾಡಿದ್ದೇನೆ. ಚಿಕ್ಕಮಗಳೂರಿನವರು ಆ ಪ್ಯಾಕೆಟ್ ಕಳಿಸುವ ಸಣ್ಣ ಪ್ರೋಗ್ರಾಮನ್ನು ಬಂಗಲೆಯ ಕಂಪ್ಯೂಟರಿಗೆ ಹಾಕಿಸಿಕೊಟ್ಟರು. ಆರು ಬೈಟುಗಳ ಒಂದು ಮುನ್ನುಡಿ, ಆಮೇಲೆ ನನ್ನ ಕಾರ್ಡಿನ ಆರು ಬೈಟಿನ ವಿಳಾಸ ಹದಿನಾರು ಸಲ, ಒಟ್ಟು 102 ಬೈಟುಗಳು, ಅಷ್ಟೇ ಇರುವುದು ಅದರಲ್ಲಿ ಎಂದು ವಿವರಿಸಿದರು. ಯಜಮಾನರ ಮಗನಿಗೆ ಲೆಕ್ಕ ಬೇಕಾದಾಗ ಪರದೆಯ ಮೇಲಿನ ಒಂದು ಚಿತ್ರದ ಮೇಲೆ ಎರಡು ಸಲ ಒತ್ತುತ್ತಾರೆ, ಒಂದು ನಿಮಿಷ ಕಾಯುತ್ತಾರೆ.

ರೌಟರ್ ಯುಪಿಎಸ್‌ಗೆ ಬಂದಿದೆ. ಈ ಹತ್ತು ದಿನದಲ್ಲಿ ಕರೆಂಟು ಎಷ್ಟೋ ಸಲ ಹೋಗಿ ಬಂದಿದೆ. ದಾಖಲೆಯಲ್ಲಿರುವುದು ಎರಡು ಗಂಟೆಯ ಮೂರು ನಮೂದುಗಳು, ಬಂಗಲೆಯವರು ಕರೆದು ಎಬ್ಬಿಸಿದ ಎರಡು. ಫೈಲುಗಳನ್ನು ಉಳಿಸಿಯೇ ಬಾಗಿಲು ಹಾಕುತ್ತಿದ್ದೇನೆ, ಕಡೂರಿನವರು ಗಮನಿಸಬೇಕು. ಆ ಎರಡು ರಾತ್ರಿ ಮಾತ್ರ ಕಾವಲಿನವನು ಸದ್ದು ಕೇಳಿ ಎದ್ದು ಕುಳಿತನಂತೆ. ಬಂಗಲೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು ನೋಡಿ, ಉರಿಯುತ್ತಿದ್ದರೆ ಮಲಗಿಕೊಳ್ಳಬೇಕೆಂದು ಅವನಿಗೆ ಹೇಳಿಟ್ಟಿದ್ದೇನೆ.